ಇಲ್ಲ ಎನ್ನದ ಬಾಗಿಲು

ಹೊಳೆಯ ದಂಡೆಗೆ ಒಂದು ಮಠ. ಆ ಮಠದ ಬಾಗಿಲಿಗೆ ಬಂದವರಿಗೆ "ಇಲ್ಲ" ಎನ್ನುವಂತಿರಲಿಲ್ಲ.

ಅದು ಮಠ ಕಟ್ಟಿದ ಹಿರಿಯಜ್ಜನ ಕಟ್ಟಳೆ. ಹಸಿದು ಬಂದವರಿಗೆ ಊಟ, ದಣಿದು ಬಂದವರಿಗೆ ಚಾಪೆ. ಕೊಡಲು ಏನೂ ಉಳಿಯದ ದಿನವೂ ಆ ಮಾತು ಆಡಬಾರದು. ಜೋಳದ ಹಿಟ್ಟು ಮುಗಿದರೆ ಅಡುಗೆಯ ನೀಲವ್ವ "ಹಿಟ್ಟು ಹೆಚ್ಚಾಗೇತಿ" ಅನ್ನುತ್ತಿದ್ದಳು. ಕೊಡಲಾಗದ್ದನ್ನು ಯಾರಾದರೂ ಕೇಳಿದರೆ ಮಠದವರು ಬಾಯಿ ಮುಚ್ಚಿಕೊಂಡು ಬೇರೆ ಕಡೆ ನೋಡುತ್ತಿದ್ದರು. ಕೇಳಿದವರು ಸ್ವಲ್ಪ ಹೊತ್ತು ನಿಂತು, ತಮಗೆ ಬೇಕಾದ ಹಾಗೆ ಅರ್ಥ ಮಾಡಿಕೊಂಡು ಹೋಗುತ್ತಿದ್ದರು.

ಮಠದ ಗುರು ನಿರುಪಾದಿ ಸ್ವಾಮಿಗಳು. ಸುತ್ತಲಿನವರಿಗೆ ಅವರು ಬರೀ ಅಜ್ಜಾರು. ಅವರಿಗೊಬ್ಬ ಶಿಷ್ಯ, ರೇವಯ್ಯ.

ರೇವಯ್ಯ ಕಂಪ್ಯೂಟರ್ ಬಲ್ಲವನು. ಮಠದ ಮೂಲೆಯ ಕೋಣೆಯಲ್ಲಿ ಸಣ್ಣದೊಂದು ಸರ್ವರ್ ಇಟ್ಟು ವೆಬ್‌ಸೈಟ್ ನಡೆಸುತ್ತಿದ್ದ. ಅದರಲ್ಲಿ ಮಠದ ಚರಿತ್ರೆ ಇತ್ತು, ಫೋಟೋಗಳಿದ್ದವು. ಅವನ್ನು ನೋಡುವವರು ಕಡಿಮೆ. ಜನ ನೋಡುತ್ತಿದ್ದದ್ದು ಹೊಳೆಯ ಪುಟವನ್ನು.

ಮಠದ ಸ್ನಾನಘಟ್ಟದ ಪಾವಟಿಗೆಗಳ ಮೇಲೆ ಒಂದು ಕಲ್ಲಿನ ಬಸವಣ್ಣ ಕೂತಿದ್ದಾನೆ. ನೀರು ಬಸವಣ್ಣನ ಪಾದ ಮುಟ್ಟಿದರೆ ಯಾರೂ ಹರಿಗೋಲು ಇಳಿಸಬಾರದು. ಮಳೆಗಾಲದಲ್ಲಿ ರೇವಯ್ಯ ಮತ್ತೆ ಮತ್ತೆ ಘಟ್ಟಕ್ಕಿಳಿದು, ನೀರು ಎಲ್ಲಿಗೆ ಬಂದಿದೆ ಎಂದು ನೋಡಿ ಪುಟದಲ್ಲಿ ಬರೆಯುತ್ತಿದ್ದ. ಘಟ್ಟದಲ್ಲಿ ಏರಿದ ನೀರು ಕೊಂಚ ಹೊತ್ತಿಗೆ ಕೆಳಗಿನ ತಿರುವು ದಾಟಿ, ನಡುಗಡ್ಡೆಯ ಜನ ಹರಿಗೋಲು ಹತ್ತುವ ಜಾಗಕ್ಕೆ ಮುಟ್ಟುತ್ತಿತ್ತು. ಆ ಕೊಂಚ ಹೊತ್ತಿನಲ್ಲಿ ಅವರ ಜೀವ ಇತ್ತು.

ಹೋದ ವರ್ಷ ಯಾವನೋ ಕಿಡಿಗೇಡಿಯ ಯಂತ್ರ ಈ ಸೈಟಿನ ಬಾಗಿಲು ಬಡಿದೂ ಬಡಿದೂ ಸರ್ವರನ್ನೇ ಮಲಗಿಸಿಬಿಟ್ಟಿತ್ತು. ಆಗ ರೇವಯ್ಯ ಸರ್ವರ್ ಮುಂದೆ ಫೈರ್‌ವಾಲ್ ಎಂಬ ಒಂದು ಕಾವಲು ಇಟ್ಟಿದ್ದ.

ಈ ವರ್ಷ ಮಳೆ ಹಿಡಿದಾಗ ನೋಡುವ ಜನ ವಿಪರೀತ ಹೆಚ್ಚಿದರು. ಸರ್ವರ್‌ಗೆ ಏದುಸಿರು ಬಂತು. ರೇವಯ್ಯ ಎಲ್ಲಕ್ಕಿಂತ ಮುಂದೆ, ಬಂದವರ ಎದುರಿಗೆ, ಒಂದು ಕ್ಯಾಶಿಂಗ್ ಸೇವೆಯನ್ನು ಕೂರಿಸಿದ. ಪುಟದ ನಕಲನ್ನು ತನ್ನ ಹತ್ತಿರ ಇಟ್ಟುಕೊಂಡು ಬಂದವರಿಗೆಲ್ಲ ಅದನ್ನೇ ತೋರಿಸುವುದು ಅದರ ಕೆಲಸ. ನಕಲು ಹಳತಾದಾಗ ಮಾತ್ರ ಅದು ಒಳಗಿನ ಸರ್ವರ್ ಹತ್ತಿರ ಹೋಗಿ ಹೊಸತನ್ನು ಕೇಳಿ ತರುತ್ತಿತ್ತು.

ಅಜ್ಜಾರು ಎಲ್ಲ ಕೇಳಿಸಿಕೊಂಡು ಅಂದರು: "ಖಡಕ್ ರೊಟ್ಟಿ ಇಟ್ಟರ ಇರತಾವ. ಮಜ್ಜಿಗಿ ಇರತೈತೇನೋ?"

"ಅದಕ್ಕ ಚರಿತ್ರೆ, ಫೋಟೋ ಬಾಳ ದಿನ ಇಟ್ಕೋ ಅಂದೀನ್ರಿ. ಹೊಳಿ ಪುಟ ಮಾತ್ರ ಅವಾಗವಾಗ ಚೆಲ್ಲಿ ಹೊಸಾದು ತರಬೇಕು."

"ಚೊಲೋ ಆತು ಬಿಡು."

ರೇವಯ್ಯ ಎದೆಯುಬ್ಬಿಸಿಕೊಂಡು ಓಡಾಡಿದ. ಆ ಉಬ್ಬು ಬಹಳ ದಿನ ಉಳಿಯಲಿಲ್ಲ.

ಒಂದು ಬೆಳಿಗ್ಗೆ ಹುಲಿಗೆಮ್ಮ ಮಠಕ್ಕೆ ಬಂದಳು. ನಡುಗಡ್ಡೆಯ ಹೆಂಗಸರನ್ನು ಬೆಳಿಗ್ಗೆ ಈ ದಂಡೆಯ ಹೊಲಗಳಿಗೆ ಕೂಲಿಗೆ ತಂದುಬಿಡುವುದು, ಸಂಜೆ ಮನೆ ಮುಟ್ಟಿಸುವುದು, ಇದು ಹುಲಿಗೆಮ್ಮನ ಹರಿಗೋಲಿನ ಕೆಲಸ. ಅವಳ ಹೆಗಲ ಮೇಲೆ ಯಾವಾಗಲೂ ಇರುವ ಹುಟ್ಟು ಅಂದು ಇರಲಿಲ್ಲ. ಕೈಯಲ್ಲಿ ಒಂದು ಬಿದಿರ ಗಳ ಇತ್ತು.

"ಹುಟ್ಟೆಲ್ಲೈತಿ ಹುಲಿಗೆವ್ವ?" ಅಜ್ಜಾರು ಕೇಳಿದರು.

"ಹೊಳಿಗೆ ಹೋತ್ರಿ ಅಜ್ಜಾರ. ನಾವೂ ಹೋಗತಿದ್ದಿವಿ."

ರೇವಯ್ಯ ಕೋಣೆಯಿಂದ ಹೊರಗೆ ಬಂದ.

"ನಿನ್ನೆ ಸಂಜೀಕ ಹೆಣ್ಮಕ್ಕಳನ್ನ ಕುಂದ್ರಿಸ್ಕೊಂಡು ಫೋನ್ ತಗದೆ," ಹುಲಿಗೆಮ್ಮ ಹೇಳಿದಳು. "ಹೊಳಿ ಪುಟ ತೆರೀಲಿಲ್ಲ. ದುಂಡಗ ತಿರಗತಿತ್ತು, ತಿರಗತಿತ್ತು. ಹೊತ್ತು ಇಳದಿತ್ತು. ಏನೂ ಹೇಳವಲ್ದು ಅಂದ್ರ ಏನೂ ಆಗಿಲ್ಲ ಅಂದ್ಕೊಂಡೆ. ಬಿಟ್ಟೆ. ನಡುಹೊಳ್ಯಾಗ ನೀರು ಎತ್ತಿ ಒಗೀತು. ಹುಟ್ಟು ಕೈಬಿಡ್ತು. ಜಾಲಿ ಗಿಡದ ಟೊಂಗಿ ಸಿಕ್ಕಿದ್ದಕ್ಕ ಇವತ್ತ ನಿಮ್ಮ ಮುಂದ ನಿಂತೀನಿ."

ಅವಳ ಅಂಗೈ ತುಂಬ ಜಾಲಿ ಮುಳ್ಳಿನ ಗಾಯ.

ರೇವಯ್ಯ ತನ್ನ ಫೋನು ತೆಗೆದು ಹೊಳೆಯ ಪುಟ ಒತ್ತಿದ. ಕಣ್ಣು ಮಿಟುಕಿಸುವುದರೊಳಗೆ ತೆರೆಯಿತು. ಅದನ್ನು ಹುಲಿಗೆಮ್ಮನ ಮುಖದ ಮುಂದೆ ಹಿಡಿದ.

"ಇಲ್ಲಿ ನೋಡ್ರಿ, ತೆರೀತು. ಪುಟ ಚೊಲೋ ಐತಿ. ನಿಮ್ಮ ಕಡೆ ನೆಟ್‌ವರ್ಕ್ ಕೆಟ್ಟೈತಿ."

"ರೇವಯ್ಯ," ಅಂದರು ಅಜ್ಜಾರು, "ಸರ್ವರ್ ಎಲ್ಲೈತಿ?"

"ಮಠದಾಗ್ರಿ."

"ನೀ ಎಲ್ಲಿ ನಿಂತಿ?"

"ಮಠದಾಗ್ರಿ."

"ಅಡಗಿಮನ್ಯಾಗ ಕುಂತಾವ ಊಟ ಸಿಗತೈತಿ ಅಂದ್ರ ಹೊರಗ ನಿಂತವರ ಹೊಟ್ಟಿ ತುಂಬತೈತೇನು? ಆಕೀ ಕೂಡ ಹೋಗು. ಆಕೀ ನಿಂತಲ್ಲಿ ನಿಂದ್ರು. ಆಕೀ ಫೋನ್ ಹಿಡದು ನೋಡು."

ರೇವಯ್ಯ ಹೋದ. ತಿರುವಿನಾಚೆ, ಹರಿಗೋಲಿನ ಪಕ್ಕದಲ್ಲಿ ನಿಂತು ಹುಲಿಗೆಮ್ಮನ ಫೋನು ಹಿಡಿದ. ಮಠದ ಚರಿತ್ರೆ ತಟ್ಟನೆ ತೆರೆಯಿತು. ಫೋಟೋಗಳೂ ಬಂದವು. ಹೊಳೆಯ ಪುಟ ಒತ್ತಿದ. ಚಕ್ರ ತಿರುಗಿತು. ತಿರುಗುತ್ತಲೇ ಇತ್ತು. ಕೊನೆಗೆ ಟೈಮ್‌ಔಟ್ ಎಂದು ಬರೆದು ಬಂತು. ಕಾದದ್ದಾಯಿತು, ಒಳಗಿನಿಂದ ಉತ್ತರ ಬರಲಿಲ್ಲ, ಅಷ್ಟೇ ಅದರ ಅರ್ಥ.

"ನೆಟ್‌ವರ್ಕ್ ಕೆಟ್ಟೈತೇನ್ರಿ ಅಯ್ನಾರ?" ಹುಲಿಗೆಮ್ಮ ಕೇಳಿದಳು. ಅವಳ ದನಿಯಲ್ಲಿ ಕೊಂಕಿರಲಿಲ್ಲ. ಅದೇ ಅವನಿಗೆ ಹೆಚ್ಚು ಚುಚ್ಚಿತು.

"ಇಲ್ಲವಾ. ತಪ್ಪು ನನ್ನ ಕಡೆ ಐತಿ."

ಹರಿಗೋಲಿನ ತೊಗಲಿನ ಮೇಲೆ ಜಾಲಿ ಗೀರಿದ ಗುರುತು ಹಸಿಯಾಗಿತ್ತು. ಆಚೆ ಹೊಲದಲ್ಲಿ ಹೆಂಗಸರು ಬಗ್ಗಿ ಕಳೆ ಕೀಳುತ್ತಿದ್ದರು. ನಿನ್ನೆ ಸಂಜೆ ಇದೇ ಹರಿಗೋಲಿನಲ್ಲಿ ಕೂತಿದ್ದವರು ಅವರೇ. ರೇವಯ್ಯ ಹುಲಿಗೆಮ್ಮನ ಕಡೆ ತಿರುಗಿದ.

"ಇವತ್ತ ಯಾಕ ಮತ್ತ ಕರ್ಕೊಂಡು ಬಂದ್ರಿ?"

"ಕೂಲಿ ಬಿಟ್ಟರ ಹೊಟ್ಟಿಗೇನ್ರಿ? ಮುಂಜಾನೆ ನೀರು ಇಳದಿತ್ತು, ಬಂದಿವಿ. ಸಂಜೀಕ ಇವರನ್ನೆಲ್ಲಾ ಮನಿ ಮುಟ್ಟಸಬೇಕು. ಮ್ಯಾಲೆ ಮೋಡ ಕಟ್ಟೇತಿ ನೋಡ್ರಿ. ಸಂಜೀ ಒಳಗ ಆ ಪುಟ ನನ್ನ ಕೂಡ ಮಾತಾಡಬೇಕು."

"ಮಾತಾಡತೈತಿ," ಅಂದ ರೇವಯ್ಯ.

ಮಠಕ್ಕೆ ಬಂದವನೇ ಕೋಣೆಗೆ ನುಗ್ಗಿ ಕೂತ. "ಇದು ಸರಿ ಆಗೂ ತನಕ ಕುಂತಲ್ಲಿಂದ ಏಳೂದಿಲ್ಲ," ಎಂದು ಗೋಡೆಗೆ ಕೇಳಿಸುವ ಹಾಗೆ ಹೇಳಿಕೊಂಡ. ಗೋಡೆಯ ಆಚೆ ಅಜ್ಜಾರು ಕೂತಿದ್ದರು.

ಸ್ವಲ್ಪ ಹೊತ್ತಾದ ಮೇಲೆ ಅವರೇ ಬಂದು ಬಾಗಿಲಲ್ಲಿ ನಿಂತರು.

"ಏನು ಮಾಡಿದಿ?"

"ಕಾಯೂ ಹೊತ್ತು ಹೆಚ್ಚು ಮಾಡೀನ್ರಿ. ಮೊದಲ ಲಗೂನ ಬ್ಯಾಸತ್ತು ಟೈಮ್‌ಔಟ್ ಅಂತಿತ್ತು. ಈಗ ಎರಡು ಪಟ್ಟು ಹೊತ್ತು ಕಾಯತೈತಿ."

"ಹೊಳಿಗೂ ಹೇಳಿದೇನು, ಎರಡು ಪಟ್ಟು ಕಾಯಿ ಅಂತ?"

ರೇವಯ್ಯ ಅದನ್ನು ಅಳಿಸಿದ.

ಮತ್ತೊಮ್ಮೆ ಬಂದಾಗ ಅವನು ಕ್ಯಾಶಿಂಗ್ ಸೇವೆಯವರನ್ನು ಬೈಯುತ್ತಿದ್ದ. "ಎಲ್ಲಾ ಅವರದ್ದ ತಪ್ಪು. ಅವರು ಬರೂಕಿಂತ ಮೊದಲ ಈ ರಗಳಿ ಇರಲಿಲ್ಲ."

"ಕುಣಿಯಲಾರದವಳು ನೆಲ ಡೊಂಕು ಅಂದಳಂತ," ಅಂದರು ಅಜ್ಜಾರು. "ನೆಲ ಡೊಂಕಿದ್ದರ ತೋರ್ಸು. ಬೈಗಳದಾಗ ಗುರುತು ಸಿಗೂದಿಲ್ಲ."

ರೇವಯ್ಯ ಆ ಸೇವೆಯನ್ನು ತೆಗೆದೇ ನೋಡಿದ. ಜನ ನೇರವಾಗಿ ಸರ್ವರ್ ಮೇಲೆ ಬಿದ್ದರು. ಸರ್ವರ್ ಉಬ್ಬಸ ಬಂದ ಮುದುಕನ ಹಾಗೆ ಕೂತುಬಿಟ್ಟಿತು. ಹೊಳೆಯ ಪುಟ ಮಾತ್ರವಲ್ಲ, ಚರಿತ್ರೆಯೂ ಮುಚ್ಚಿತು. ಗಡಿಬಿಡಿಯಲ್ಲಿ ಸೇವೆಯನ್ನು ಮರಳಿ ಕೂರಿಸಿದ.

ಹೊರಗೆ ಮೋಡ ದಟ್ಟವಾಗುತ್ತಿತ್ತು. ರೇವಯ್ಯ ಬಿಡಲಿಲ್ಲ. ಒಂದೊಂದನ್ನೇ ಹಿಡಿದು ಪರೀಕ್ಷೆ ಮಾಡಿದ. ಸರ್ವರ್ ಆರಾಮಾಗಿತ್ತು. ಸೇವೆಯೂ ಆರಾಮಾಗಿತ್ತು.

"ಅಜ್ಜಾರ," ಅಂದ, "ಒಳಗಿನವ ಚೊಲೋ ಅದಾನ. ಹೊರಗಿನವ ಚೊಲೋ ಅದಾನ. ಹೊರಗಿನವ ಕೇಳತಾನ, ಒಳಗಿನವ ಕೊಡಾಕ ತಯಾರ ಅದಾನ. ಮತ್ತ ನಡುವ ಏನಾಗತೈತಿ?"

ಅಜ್ಜಾರು ಉತ್ತರ ಕೊಡುವುದರೊಳಗೆ ಊಟದ ಗಂಟೆ ಹೊಡೆಯಿತು.

"ಏಳು," ಅಂದರು. "ಇವತ್ತ ಬಡಸೂದು ನೀನ."

"ಕುಂತಲ್ಲಿಂದ ಏಳೂದಿಲ್ಲ ಅಂದೀನ್ರಿ."

"ಕೇಳಿಸ್ಕೊಂಡೀನಿ. ಎದ್ದರ ನಿನ್ನ ಮಾತು ಹೋಗತೈತಿ. ಏಳದಿದ್ದರ ಪಂಕ್ತಿ ಹಸೀತೈತಿ. ನಿನಗ ಯಾವುದು ಸಸ್ತಾ ಅನ್ನಸ್ತೈತೋ ಅದನ್ನ ಮಾಡು."

ರೇವಯ್ಯ ಎದ್ದ.

ಮಠದ ಊಟದ ಪಡಸಾಲೆ ಉದ್ದಕ್ಕಿದೆ. ಅದರ ಗೋಡೆಯಾಚೆ ಅಡುಗೆಮನೆ. ನಡುವೆ ಒಂದು ಸಣ್ಣ ಕಿಟಕಿ. ಬಡಿಸುವವರು ಕಿಟಕಿಯಲ್ಲಿ ಪಾತ್ರೆ ಚಾಚಿದರೆ ಒಳಗಿನಿಂದ ನೀಲವ್ವ ತುಂಬಿಸಿ ಕೊಡುತ್ತಾಳೆ. ಕಿಟಕಿಯಲ್ಲಿ ಅವಳಿಗೆ ಕಾಣುವುದು ಚಾಚಿದವನ ಮುಖ ಮಾತ್ರ.

ದಿನವೂ ಬಡಿಸಲು ಹಲವರು ಇರುತ್ತಿದ್ದರು. ಆ ದಿನ ಅಜ್ಜಾರು ಅವರನ್ನೆಲ್ಲ ಊಟಕ್ಕೆ ಕೂರಿಸಿದರು. ರೇವಯ್ಯನ ಕೈಗೆ ರೊಟ್ಟಿಯ ದೊಡ್ಡ ಬುಟ್ಟಿ ಕೊಟ್ಟರು. ಮಜ್ಜಿಗೆಗೆ ಮಾತ್ರ ಒಂದು ತಂಬಿಗೆ.

"ತಂಬಿಗಿ ಸಣ್ಣದಾತಲ್ರಿ."

"ಈಗ ಕಡದ ಮಜ್ಜಿಗಿ ಈಗ ಬಡಸಬೇಕು. ಬಕೆಟ್‌ನ್ಯಾಗ ಇಟ್ಟರ ಹುಳಿ ಆಗತೈತಿ."

ರೊಟ್ಟಿಗೆ ತೊಂದರೆಯಾಗಲಿಲ್ಲ. ಒಂದು ಬುಟ್ಟಿ ತುಂಬಿಸಿಕೊಂಡರೆ ಇಡೀ ಪಂಕ್ತಿಗೆ ಸಾಕಾಯಿತು. ಮಜ್ಜಿಗೆಗೆ ರೇವಯ್ಯ ಓಡಬೇಕಾಯಿತು. ತಂಬಿಗೆ ತುಂಬಿಸಿ ತಂದ, ಬಡಿಸಿದ, ಬರಿದಾಯಿತು. ಮತ್ತೆ ಓಡಿದ. ಮತ್ತೆ ಬರಿದಾಯಿತು. ಪಂಕ್ತಿಯಲ್ಲಿ ನುಚ್ಚು ಬಡಿಸಿಕೊಂಡವರು ಮಜ್ಜಿಗೆಗೆ ಕಾಯುತ್ತಾ ಕೂತಿದ್ದರು. ಮತ್ತೆ ಕಿಟಕಿಗೆ ಓಡಿ ತಂಬಿಗೆ ಚಾಚಿದ.

ನೀಲವ್ವ ಅವನ ಮುಖ ನೋಡಿದಳು. ಮುಖ ತಿರುಗಿಸಿದಳು. ಕಡೆಗೋಲು ಹಿಡಿದು ಕಡೆಯುತ್ತ ಕೂತಳು.

"ನೀಲವ್ವಾ, ಮಜ್ಜಿಗಿ."

ಕಡೆಗೋಲಿನ ಸದ್ದು.

"ನೀಲವ್ವಾ!"

ಕಡೆಗೋಲಿನ ಸದ್ದು. ಅವಳು ಬಯ್ಯಲೂ ಇಲ್ಲ, ಕೊಡಲೂ ಇಲ್ಲ. ರೇವಯ್ಯ ತಂಬಿಗೆ ಚಾಚಿಕೊಂಡು ನಿಂತ. ಈಗ ಕೊಡುತ್ತಾಳೆ, ಈಗ ಕೊಡುತ್ತಾಳೆ ಎಂದು ನಿಂತೇ ಇದ್ದ. ಕೈ ಸೋತಿತು. ಹಿಂದಿನಿಂದ ಯಾರೋ "ಮಜ್ಜಿಗಿ ಬರತೈತೋ ಎದ್ದು ಹೋಗೂನೋ?" ಅಂದರು. ಹೋಗಿ ಅನ್ನಬೇಕೋ ಕೂತಿರಿ ಅನ್ನಬೇಕೋ ಅವನಿಗೂ ತಿಳಿಯಲಿಲ್ಲ. ಒಬ್ಬ ಮುದುಕ ಬರೀ ನುಚ್ಚು ಉಂಡು, ಗಂಟಲಿಗೆ ಹತ್ತಿಸಿಕೊಂಡು ಕೆಮ್ಮತೊಡಗಿದ.

ರೇವಯ್ಯನಿಗೆ ಸಿಟ್ಟು ನೆತ್ತಿಗೇರಿತು. ಸುತ್ತು ಹಾಕಿ ಅಡುಗೆಮನೆಗೇ ನುಗ್ಗಿದ.

"ಏನವಾ ಇದು? ಅಷ್ಟೊತ್ತಿನಿಂದ ನಿಂತೀನಿ, ಕಣ್ಣಿಗೆ ಕಾಣವಲ್ನೇನು?"

"ಕಾಣದೇನು? ನಿಂದ ಒಂದ ಮುಖ ಕಾಣಾಕತ್ತೈತಿ ಅವಾಗಿನಿಂದ," ಅಂದಳು ನೀಲವ್ವ. "ಒಬ್ಬಾವ ಇಷ್ಟು ಸಲ ಬಂದು ತುಂಬಸ್ಕೊಂಡು ಹೋದರ ನಾ ಏನು ತಿಳಕೋಬೇಕು? ಹಿಂದಕೊಬ್ಬ ಹಿಂಗ ಒಯ್ದು ಒಯ್ದು ತನ್ನ ಮನೀ ಹರವಿ ತುಂಬಿಸಿದ್ದ."

"ನನಗಲ್ಲವಾ, ಪಂಕ್ತಿಗೆ! ನನ್ನ ಹಿಂದ ಇಡೀ ಪಂಕ್ತಿ ಕುಂತೈತಿ."

"ಪಂಕ್ತಿ ನನಗೆಲ್ಲಿ ಕಾಣಬೇಕು, ನಡುವ ಗ್ವಾಡಿ ಐತಿ."

"ಕೊಡೂದಿಲ್ಲ ಅಂತರ ಹೇಳಬೇಕಿತ್ತು. ಬ್ಯಾರೆ ದಾರಿ ನೋಡತಿದ್ದೆ. ಸುಮ್ನ ಕುಂತರ ನಾ ಏನಂತ ತಿಳೀಲಿ?"

ನೀಲವ್ವ ಕಡೆಗೋಲು ನಿಲ್ಲಿಸಿ ಅವನನ್ನು ವಿಚಿತ್ರವಾಗಿ ನೋಡಿದಳು. "ಬಂದವರಿಗೆ ಹಂಗ ಹೇಳೂ ಪದ್ಧತಿ ಈ ಮಠದಾಗ ಐತೇನು?"

ರೇವಯ್ಯನಿಗೆ ತಾನು ಸರ್ವರ್ ಮುಂದೆ ಇಟ್ಟ ಕಾವಲು ನೆನಪಾಯಿತು.

ಆಮೇಲೆ ತಂಬಿಗೆ ಹಿಡಿದುಕೊಂಡೇ ಕೋಣೆಯ ಕಡೆ ಓಡಿದ. ಅಜ್ಜಾರು ಪಂಕ್ತಿಯಿಂದ ಎದ್ದು ಬಂದು, ನೀಲವ್ವನಿಂದ ಬಕೆಟ್ಟು ಇಸಿದುಕೊಂಡು, ಮಜ್ಜಿಗೆ ತಾವೇ ಬಡಿಸಿದರು.

ಹೋದ ವರ್ಷ ಇಟ್ಟಿದ್ದ ಕಾವಲಿಗೆ ರೇವಯ್ಯನೇ ಒಂದು ನಿಯಮ ಬರೆದಿದ್ದ. ಒಂದೇ ವಿಳಾಸದಿಂದ ಮೇಲಿಂದ ಮೇಲೆ ಯಾರಾದರೂ ಬಂದರೆ ಅವನು ಕಿಡಿಗೇಡಿ, ಅವನನ್ನು ಒಳಗೆ ಬಿಡಬಾರದು. ಮೊದಲು ಜನರೆಲ್ಲ ತಂತಮ್ಮ ವಿಳಾಸದಿಂದ ಬರುತ್ತಿದ್ದರು, ಕಾವಲಿಗೆ ಅನುಮಾನ ಬರಲಿಲ್ಲ. ಈಗ ಅಷ್ಟೂ ಜನರ ಪರವಾಗಿ ಕ್ಯಾಶಿಂಗ್ ಸೇವೆ ಒಂದೇ ಬರುತ್ತಿತ್ತು. ಫೋಟೋಗಳಿಗೆ ಒಮ್ಮೆ ಬಂದರೆ ಸಾಕಿತ್ತು. ಹೊಳೆಯ ಪುಟ ತಾಜಾ ಬೇಕು, ಅದಕ್ಕಾಗಿ ಮತ್ತೆ ಮತ್ತೆ ಬಂತು. ಕಾವಲು ಮುಖ ತಿರುಗಿಸಿತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುವ ಮಾತು ಸುಮ್ಮನೆ ಹುಟ್ಟಿದ್ದಲ್ಲ.

ಇನ್ನೂ ಒಂದಿತ್ತು. ಕಾವಲು ಯಾರನ್ನಾದರೂ ತಡೆಯುವಾಗ ಹೇಗೆ ತಡೆಯಬೇಕು ಎಂದು ಆರಿಸಿಕೊಳ್ಳಲು ಎರಡು ದಾರಿ ಇದ್ದವು. ಪ್ರವೇಶವಿಲ್ಲ ಎಂದು ಆ ಕ್ಷಣವೇ ಹೇಳಿ ಕಳಿಸುವುದು ಒಂದು. ಏನೂ ಹೇಳದೆ ಸುಮ್ಮನಿರುವುದು ಇನ್ನೊಂದು. ಈ ಮಠದಲ್ಲಿ ಬೆಳೆದ ರೇವಯ್ಯ ಎರಡನೆಯದನ್ನು ಆರಿಸಿದ್ದ. ಅದು ಮರ್ಯಾದೆ ಎಂದು ಅವನು ನಂಬಿದ್ದ.

ರೇವಯ್ಯ ಕ್ಯಾಶಿಂಗ್ ಸೇವೆಯ ವಿಳಾಸಗಳನ್ನೆಲ್ಲ ಹುಡುಕಿ ತೆಗೆದು ಕಾವಲಿಗೆ ಗುರುತು ಹೇಳಿದ. ಇವನು ನಮ್ಮವನು, ಇವನ ಬೆನ್ನಿಗೆ ಇಡೀ ದಂಡೆ ಇದೆ, ಇವನು ಎಷ್ಟು ಸಲ ಬಂದ ಎಂದು ಲೆಕ್ಕ ಹಾಕಬೇಡ. ತನ್ನ ಫೋನು ತೆಗೆದು ನೋಡಲು ಹೋದವನು ತಡೆದುಕೊಂಡ. ಈ ಸಲ ಯಾರೂ ಹೇಳಬೇಕಾಗಲಿಲ್ಲ. ಫೋನು ಜೇಬಿಗಿಟ್ಟು, ತಿರುವಿನಾಚೆಗೆ ಓಡುತ್ತಾ ಹೋದ.

"ಹುಲಿಗೆವ್ವಾ, ನಿಮ್ಮ ಫೋನಿನ್ಯಾಗ ನೋಡ್ರಿ."

ಹುಲಿಗೆಮ್ಮ ಗಾಯದ ಬೆರಳಿನಿಂದ ಒತ್ತಿದಳು. ಪುಟ ತೆರೆಯಿತು. ಮತ್ತೆ ಒತ್ತಿದಳು. ಮತ್ತೆ ತೆರೆಯಿತು. ಅವಳು ನಕ್ಕಳು. ರೇವಯ್ಯನ ಕಣ್ಣಲ್ಲಿ ನೀರು ಬಂತು.

ಮರಳಿ ಬಂದು ಅಜ್ಜಾರ ಕಾಲಿಗೆ ಬಿದ್ದ. "ಪುಟ ತೆರೀತ್ರಿ."

"ಒಬ್ಬನ ಗುರುತು ಹೇಳಿದಿ. ನಾಳೆ ಗುರುತಿಲ್ಲದವ ಯಾವನರ ಕೆಲಸಿದ್ದು ಮತ್ತ ಮತ್ತ ಬಂದರ?"

ರೇವಯ್ಯ ಯೋಚಿಸಿದ. "ಕಾವಲು ಮತ್ತ ಸುಮ್ನ ಕುಂದ್ರತೈತ್ರಿ. ಅವ ನಿಂತ ನಿಂದ್ರತಾನ."

"ಹಂಗಾರ ಕೆಲಸ ಇನ್ನೂ ಮುಗದಿಲ್ಲ."

"ಮುಗಸಬೇಕಂದ್ರ ಕಾವಲಿಗೆ ಇಲ್ಲ ಅನ್ನೂದು ಕಲಸಬೇಕ್ರಿ. ಅದು ಹಿರಿಯಜ್ಜನ ಕಟ್ಟಳಿ ಮುರದಂಗ ಆಗೂದಿಲ್ಲೇನು?"

ಅಜ್ಜಾರು ಆಕಾಶ ನೋಡಿದರು. "ಸಂಜೀಕ ಬಾಗಲದಾಗ ನೀ ಕುಂದ್ರು," ಅಂದರು.

ಹೊತ್ತು ಇಳಿಯುವಾಗ ರೇವಯ್ಯ ಘಟ್ಟಕ್ಕೆ ಹೋಗಿ ನೋಡಿದ. ನೀರು ಬಸವಣ್ಣನ ಪಾದ ಮುಟ್ಟಿತ್ತು. ಓಡಿ ಬಂದು ಪುಟದಲ್ಲಿ ಬರೆದ. ತಿರುವಿನಾಚೆ ಹುಲಿಗೆಮ್ಮ ಅದನ್ನು ಓದಿ ಹರಿಗೋಲನ್ನು ದಂಡೆಗೆ ಎಳೆದು ಕವುಚಿ ಹಾಕಿದಳು.

ರೇವಯ್ಯ ಮಠದ ಬಾಗಿಲಲ್ಲಿ ಕೂತ. ಅಜ್ಜಾರು ಒಳಗೆ ಕಂಬಕ್ಕೆ ಒರಗಿದ್ದರು.

ಕೂಲಿಯ ಹೆಂಗಸರು ಬಂದರು. ಎಲ್ಲರಿಗಿಂತ ಮುಂದೆ ದುರುಗವ್ವ. ಅವಳ ಕುಪ್ಪಸ ಎದೆಹಾಲಿನಿಂದ ಒದ್ದೆಯಾಗಿತ್ತು.

"ಅಯ್ನಾರ," ಅಂದಳು, "ನನ್ನ ಕೂಸು ಅತ್ತಿ ಹತ್ರ ಐತಿ. ಮುಂಜಾನಿಂದ ಹಾಲು ಕುಡದಿಲ್ಲ. ಹುಲಿಗೆವ್ವ ಹರಿಗೋಲು ಬಿಡೂದಿಲ್ಲ ಅಂತಾಳ. ನೀವು ಹೂಂ ಅಂದ್ರ ಬಿಡತಾಳ."

"ನೀರು ಬಸವಣ್ಣನ ಪಾದ..."

"ಗೊತ್ತೈತ್ರಿ. ಈಗ ಮುಟ್ಟೇತಿ, ಅಷ್ಟ. ಲಗೂ ಬಿಟ್ಟರ ಆಚಿ ಮುಟ್ಟತೀವಿ. ಈ ಬಾಗಲದಾಗ ಯಾರಿಗೂ ಇಲ್ಲ ಅನ್ನೂದಿಲ್ಲ ಅಂತ ನಮ್ಮವ್ವನ ಕಾಲದಿಂದ ಕೇಳಕೋತ ಬಂದೀನಿ. ಅದಕ್ಕ ಇಲ್ಲಿಗೆ ಬಂದೀನಿ. ದಾಟಬಹುದೇನ್ರಿ?"

ರೇವಯ್ಯ ತಿರುಗಿ ಅಜ್ಜಾರನ್ನು ನೋಡಿದ. ಅಜ್ಜಾರು ಕಣ್ಣು ಮುಚ್ಚಿದ್ದರು.

ಅವನೂ ಬೇರೆ ಕಡೆ ನೋಡಬಹುದಿತ್ತು. ಮಠದಲ್ಲಿ ಎಲ್ಲರೂ ಅದನ್ನೇ ಮಾಡಿಕೊಂಡು ಬಂದವರು. ಇವಳು ಕೊಂಚ ಹೊತ್ತು ನಿಲ್ಲುತ್ತಾಳೆ. ಆಮೇಲೆ ಅಯ್ನಾರು ಬೇಡ ಅನ್ನಲಿಲ್ಲ ಎಂದು ಹೇಳಿಕೊಂಡು ಹೊಳೆಗೆ ಇಳಿಯುತ್ತಾಳೆ. ಬೆಳಿಗ್ಗೆ ಹುಲಿಗೆಮ್ಮನ ಫೋನಿನಲ್ಲಿ ತಿರುಗುತ್ತಿದ್ದ ಚಕ್ರ ಅವನ ಕಣ್ಣ ಮುಂದೆ ಬಂತು.

"ಇಲ್ಲ," ಅಂದ ರೇವಯ್ಯ.

ಎದ್ದು ನಿಂತು, ಎಲ್ಲರಿಗೂ ಕೇಳುವ ಹಾಗೆ ಮತ್ತೆ ಅಂದ.

"ಇಲ್ಲವಾ. ದಾಟೂದಿಲ್ಲ. ಹೂಂ ಅನ್ನೂದಿಲ್ಲ ನಾನು. ನೀರು ಇಳದ ಗಳಿಗಿಗೆ ನಾನ ಬಂದು ಕರೀತೀನಿ. ಅಲ್ಲೀತನಕ ಇಲ್ಲ."

ಹೆಂಗಸರು ಬೆಚ್ಚಿ ಒಬ್ಬರ ಮುಖ ಒಬ್ಬರು ನೋಡಿದರು. ಒಳಗೆ ನೀಲವ್ವನ ಕೈಯಿಂದ ಸೌಟು ಬಿದ್ದ ಸದ್ದಾಯಿತು.

"ಹಾಲು ಕುಡಿಯೂ ಕೂಸಿನ ತಾಯಿಗೆ ಹಿಂಗ ಅಂತೀರಿ?" ದುರುಗವ್ವ ಅಳುತ್ತಾ ಕೂಗಿದಳು. "ನೀವೆಂಥಾ ಅಯ್ನಾರ್ರಿ?"

ರೇವಯ್ಯ ಕೈಮುಗಿದ. ಆದರೆ ಬಾಗಿಲು ಬಿಟ್ಟು ಕದಲಲಿಲ್ಲ, ಮಾತನ್ನೂ ಬದಲಿಸಲಿಲ್ಲ. ತನ್ನ ಫೋನು ತೆಗೆದು ಅವಳ ಕೈಗೆ ಕೊಟ್ಟು, "ಅತ್ತಿ ಕೂಡ ಮಾತಾಡವಾ," ಅಂದ.

ಅವಳು ಮಾತಾಡಿದಳು. ಅತ್ತೆ ಕೂಸಿಗೆ ಆಡಿನ ಹಾಲು ಕುಡಿಸಿ ಮಲಗಿಸಿದ್ದಳು. ನೀನು ಅಲ್ಲೇ ಇರು, ಹೊಳೆ ಕಡೆ ತಲೆ ಹಾಕಬೇಡ ಎಂದು ಅವಳೂ ಬೈದಳು.

ಅಷ್ಟರಲ್ಲಿ ಹುಲಿಗೆಮ್ಮ ಬಿದಿರ ಗಳ ಹಿಡಿದುಕೊಂಡು ಬಂದಳು. ಯಾರನ್ನೂ ನೋಡದೆ ಕಟ್ಟೆಯ ಮೇಲೆ ಕೂತಳು.

"ಜಾಲಿ ಗಿಡ ಮುಳುಗ್ತು," ಅಂದಳು. "ನಿನ್ನೆ ನಾವು ಹಿಡದದ್ದು. ತುದೀನೂ ಕಾಣವಲ್ದು."

ದುರುಗವ್ವ ಸೆರಗಿನಿಂದ ಮುಖ ಒರೆಸಿಕೊಂಡು ಹುಲಿಗೆಮ್ಮನ ಪಕ್ಕದಲ್ಲಿ ಕೂತಳು. ನೀಲವ್ವ ಹೊರಗೆ ಬಂದು ಎಲ್ಲರನ್ನೂ ಕೈಕಾಲು ತೊಳೆಯಲು ಕರೆದಳು.

ರೇವಯ್ಯ ಕೋಣೆಗೆ ಹೋದ. ಕಾವಲಿನ ನಿಯಮ ತೆರೆದು, ಸುಮ್ಮನಿರು ಎಂದಿದ್ದಲ್ಲಿ ಹೇಳಿ ಕಳಿಸು ಎಂದು ಬದಲಿಸಿದ.

ಆಮೇಲೆ ಅಜ್ಜಾರ ಮುಂದೆ ಬಂದು ತಲೆ ತಗ್ಗಿಸಿ ನಿಂತ.

"ಹಿರಿಯಜ್ಜನ ಬಾಗಲದಾಗ ನಿಂತು ಇಲ್ಲ ಅಂದುಬಿಟ್ಟೀನ್ರಿ. ಇದಕ್ಕ ಪ್ರಾಯಶ್ಚಿತ್ತ ಏನೈತಿ ಹೇಳ್ರಿ, ಮಾಡತೀನಿ."

ಅಜ್ಜಾರು ಪಡಸಾಲೆಯ ಕಡೆ ನೋಡಿದರು. ಹುಲಿಗೆಮ್ಮ, ದುರುಗವ್ವ, ಹೊಲದಿಂದ ಬಂದ ಹೆಂಗಸರು ಸಾಲಾಗಿ ಊಟಕ್ಕೆ ಕೂತಿದ್ದರು.

"ಅಲ್ಲಿ ಪಂಕ್ತಿ ಕುಂತೈತಿ. ಒಬ್ಬೊಬ್ಬರ ಮುಂದೂ ನಿಂತು, ನಾ ಇಲ್ಲ ಅಂದದ್ದು ತಪ್ಪಾತೇನವಾ ಅಂತ ಕೇಳ್ಕೋತ ಹೋಗು. ಹೋಗೂವಾಗ ಮಜ್ಜಿಗಿ ತಂಬಿಗಿ ತಗೊಂಡು ಹೋಗು."